ಖಾಲಿ ಕುರ್ಚಿಯ ಹಾಜರಿ

"ಬಾಗಿಲು ತೆಗೀರಿ! ತೆಗೀದಿದ್ರೆ ಒದ್ದು ತೆಗೀತೀನಿ!"

ಇನ್ಸ್‌ಪೆಕ್ಟರಮ್ಮ ಮುಷ್ಟಿ ಕಟ್ಟಿ ಬಾಗಿಲು ಗುದ್ದಿದಳು. ದಪ್ಪ ಹಲಗೆಯ ಬಾಗಿಲು. ನೋವಾಗಿದ್ದು ಅವಳ ಕೈಗೇ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಬೆಳಗಿನಿಂದ ಅವಳಿಗೆ ಸಿಟ್ಟು ಬರಿಸದ ವಸ್ತು ಈ ಊರಿನಲ್ಲಿ ಒಂದೂ ಇರಲಿಲ್ಲ.

ಬೆನ್ನ ಹಿಂದೆ ಬೀದಿ ತುಂಬ ಜನ. ಅಂಗಡಿಗಳ ಷಟರು ಅರ್ಧಕ್ಕೆ ಇಳಿದಿದ್ದವು. ಸೈಕಲ್ ಅಂಗಡಿಯವನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿ. ಅದನ್ನು ಮುಚ್ಚಿಡಬೇಕೆಂಬ ಸಂಕೋಚವೂ ಅವನಿಗಿರಲಿಲ್ಲ.

ಮೊನ್ನೆ ಸಂಜೆ ಈ ಕಟ್ಟಡದ ಹಿತ್ತಲ ಮೆಟ್ಟಿಲ ಮೇಲೆ ಡ್ರಾಯಿಂಗ್ ಮೇಷ್ಟ್ರು ತಲೆ ಒಡೆದು ಸತ್ತು ಬಿದ್ದಿದ್ದರು. ಕೊಲೆಗಾರನೆಂದು ಲಾಕಪ್ಪಿನಲ್ಲಿ ಕೂತಿರುವವನು ಇದೇ ಬಾಗಿಲು ಕಾಯುವ ಮುದುಕ, ಅಂದರೆ ಇನ್ಸ್‌ಪೆಕ್ಟರಮ್ಮನ ಸ್ವಂತ ಸೋದರಮಾವ. ಸಂಜೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ. ಅಲ್ಲಿಂದ ಜೈಲಿಗೆ. ಆ ವಯಸ್ಸಿನಲ್ಲಿ ಆ ಕೆಮ್ಮು ಇಟ್ಟುಕೊಂಡು ಜೈಲಿಗೆ ಹೋದ ಮನುಷ್ಯ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಈ ಸಂಘಕ್ಕೆ ಹೆಸರೇ ಇಲ್ಲ. ಊರಿನವರು 'ಮುಚ್ಚಿದ ಬಾಗಿಲಿನವರು' ಎನ್ನುತ್ತಾರೆ. ಒಳಗೆ ಏನು ನಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ ಗೊತ್ತು. ಚುನಾವಣೆಯಲ್ಲಿ ಯಾರು ಗೆಲ್ಲಬೇಕು, ಯಾವ ರಸ್ತೆಗೆ ಡಾಂಬರು ಬೀಳಬೇಕು, ಯಾರ ಅಳಿಯನಿಗೆ ಕೆಲಸ ಸಿಗಬೇಕು ಎಲ್ಲ ಇಲ್ಲೇ ತೀರ್ಮಾನವಂತೆ. ತಲೆಬುರುಡೆಯಲ್ಲಿ ಕುಡಿಯುತ್ತಾರಂತೆ. ನಲ್ಲಿಯಲ್ಲಿ ನೀರು ಬಾರದಿದ್ದರೂ ಇವರದೇ ಕೈವಾಡವಂತೆ. ಸಾಯುವ ಹಿಂದಿನ ದಿನ ಡ್ರಾಯಿಂಗ್ ಮೇಷ್ಟ್ರು ಮಾರ್ಕೆಟ್ಟಿನ ನಡುವೆ ನಿಂತು, "ನಾನೂ ಆ ಸಂಘದಲ್ಲಿದೀನಿ, ಒಳಗೆ ನಡೆದಿದ್ದನ್ನೆಲ್ಲ ಇಲ್ಲೇ ನಿಂತು ಹೇಳ್ತೀನಿ, ಸ್ವಲ್ಪ ತಡ್ಕೊಳ್ಳಿ" ಎಂದಿದ್ದರು. ಹೇಳುವುದಕ್ಕೆ ಅವರು ಉಳಿಯಲಿಲ್ಲ.

"ಇನ್ಸ್‌ಪೆಕ್ಟರಮ್ಮಾ, ಮೊದಲು ಒಂದು ಹೇಳಿ. ನೀವು ಯಾರ ಕಡೆ?"

ಕೇಳಿದವನು ಮೇಷ್ಟ್ರ ತಮ್ಮ, ವೆಲ್ಡಿಂಗ್ ಕೆಲಸದವನು. ಎರಡು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಡದಂತಾಗಿತ್ತು. ಕೈಯಲ್ಲಿ ಕಬ್ಬಿಣದ ಸಲಾಕೆ.

"ಸತ್ತೋರ ಕಡೆ" ಎಂದಳು ಅವಳು.

"ಹಾಗಾದ್ರೆ ಪಕ್ಕಕ್ಕೆ ಸರೀರಿ. ನಿಮ್ಮ ಮಾವ ಇವರ ಉಪ್ಪು ತಿಂದೋನು, ಇವರು ಹೇಳಿದ ಕೆಲಸ ಮಾಡಿದಾನೆ. ಮಾಡಿಸಿದೋರು ಒಳಗಿದಾರೆ. ನಿಮ್ಮ ಪೊಲೀಸರೂ ಇದರಲ್ಲಿ ಮೆಂಬರ್ರು. ಊರಿಗೆಲ್ಲ ಗೊತ್ತು."

"ಯಾರು? ಒಂದೇ ಒಂದು ಹೆಸರು ಹೇಳಿ ನೋಡೋಣ! ಬಾಯಿಗೆ ಬಂದದ್ದು ಹೇಳಿ ನಮ್ಮ ಇಲಾಖೆ ಮೇಲೆ ಗೂಬೆ ಕೂರಿಸ್ಬೇಡಿ!"

ಅವನು ಸಲಾಕೆಯ ತುದಿಯಿಂದ ನೆಲ ಕುಟ್ಟಿದ, ಅಷ್ಟೆ.

ಬಾಗಿಲು ಒಂದು ಗೇಣು ತೆರೆಯಿತು. ಸಂಘದ ಅಧ್ಯಕ್ಷರು ನಿಂತಿದ್ದರು. ಊರಿಗೆ ಅವರು ಡಾಕ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ ಪರೀಕ್ಷೆ ಮಾಡುವವರೂ ಅವರೇ. ಬೆಂಕಿ ಬಿದ್ದರೆ ಕಟ್ಟಡದ ಜೊತೆ ತಾನೂ ಸುಟ್ಟುಹೋಗುತ್ತೇನೆಂದು ಬೆಳಗಿನಿಂದ ಒಬ್ಬರೇ ಒಳಗೆ ಕೂತಿದ್ದ ಹಟಮಾರಿ.

"ನೀವೊಬ್ಬರೇ ಬರ್ತೀರಾ?"

"ಇನ್ನೇನು ದಂಡು ಕಟ್ಕೊಂಡು ಬರ್ಲಾ? ನನಗೆ ರಜೆ ಕೊಟ್ಟು ಮನೇಲಿ ಕೂರಿಸಿದಾರೆ. ಗೊತ್ತಿಲ್ವಾ ನಿಮಗೆ?"

ಆ ರಜೆಯ ಆದೇಶ ಕೊಟ್ಟವರು ಅವಳ ಮೇಲಧಿಕಾರಿ, ದೊಡ್ಡ ಸಾಹೇಬರು. "ಆರೋಪಿ ನಿಮ್ಮ ಸಂಬಂಧಿ. ನೀವು ಈ ಕೇಸಿನ ಹತ್ತಿರ ಸುಳೀಬೇಡಿ" ಎಂದಿದ್ದರು. ಕಾನೂನಿನ ಪ್ರಕಾರ ಸರಿಯಾದ ಮಾತು. ಹಾಗಾಗಿಯೇ ಅವಳಿಗೆ ಎದುರು ಮಾತಾಡಲು ಆಗಿರಲಿಲ್ಲ.

ಅವಳು ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನಡೆದಳು. ಡಾಕ್ಟರು ತಕ್ಷಣ ಅಗುಳಿ ಹಾಕಿದರು.

ತಲೆಬುರುಡೆ ಇರಲಿಲ್ಲ. ಒಂದು ದೊಡ್ಡ ಕೋಣೆ, ಕುದುರೆ ಲಾಳದ ಆಕಾರದಲ್ಲಿ ಜೋಡಿಸಿದ ಮರದ ಕುರ್ಚಿಗಳು, ನಡುವೆ ದುಂಡು ಮೇಜು. ಮೂಲೆಯಲ್ಲಿ ನೀರಿನ ಫಿಲ್ಟರು, ಅದರ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟ. ಕಿಟಕಿಗಳಿಗೆಲ್ಲ ಮರದ ರೆಕ್ಕೆ, ಅದರ ಮೇಲೆ ಕಪ್ಪು ಪರದೆ. ಪ್ರತಿ ಕುರ್ಚಿಯ ಬೆನ್ನಿಗೆ ಒಂದೊಂದು ಕಪ್ಪು ನಿಲುವಂಗಿ ನೇತುಹಾಕಿತ್ತು. ಇಷ್ಟಕ್ಕಾಗಿ ಇಡೀ ಊರು ಇಷ್ಟು ವರ್ಷ ನಿದ್ದೆಗೆಟ್ಟಿತ್ತೇ ಎಂದು ಅವಳಿಗೆ ಉರಿದುಹೋಯಿತು.

"ಕೂತ್ಕೊಳ್ಳಿ" ಎಂದರು ಡಾಕ್ಟರು.

"ಕೂರೋಕೆ ಬಂದಿಲ್ಲ. ಮೊನ್ನೆ ಸಂಜೆ ಏನಾಯ್ತು, ಮೊದಲಿಂದ ಹೇಳಿ."

"ಹೇಳಿಕೆ ಕೊಟ್ಟಿದೀನಲ್ಲಮ್ಮ."

"ಓದಿದೀನಿ. ಇನ್ನೊಂದು ಸಲ ಹೇಳಿದ್ರೆ ನಾಲಿಗೆ ಸವೆಯಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹೇಳಿದರು. ಮುಸ್ಸಂಜೆ ಹೊತ್ತಿಗೆ ಸಭೆ ಸೇರಿತು. ಪದ್ಧತಿಯಂತೆ ಪರದೆ ಎಳೆದು, ದೀಪ ಹಾಕದೆ, ಕತ್ತಲಲ್ಲೇ ಹಾಜರಿ ತೆಗೆದುಕೊಂಡರು. ಎಲ್ಲ ಕುರ್ಚಿಗಳಿಂದಲೂ ಉತ್ತರ ಬಂತು. ದೀಪ ಹಾಕಿದಾಗ ಡ್ರಾಯಿಂಗ್ ಮೇಷ್ಟ್ರ ಕುರ್ಚಿ ಮಾತ್ರ ಖಾಲಿ. ಅದರಲ್ಲಿ ಆಶ್ಚರ್ಯವೇನಿಲ್ಲ. ಅವತ್ತು ಆಗಲಿರುವ ತೀರ್ಮಾನ ಒಪ್ಪದವನು ಹಾಜರಿ ಕೊಟ್ಟು, ಕತ್ತಲಲ್ಲೇ ಎದ್ದು ಹಿತ್ತಲ ಬಾಗಿಲಿಂದ ಹೋಗಬಹುದು, ಯಾರೂ ಕೇಳುವಂತಿಲ್ಲ. ಆ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ಸ್ವಲ್ಪ ಹೊತ್ತಿಗೇ, ಸಭೆ ಶುರುವಾದಾಗಿನಿಂದ ಒಳಗೇ ಇದ್ದ ಸಂಘದ ಅಡುಗೆಯವನು ಕಾಫಿ ಪಾತ್ರೆ ತೊಳೆದ ನೀರು ಚೆಲ್ಲಲು ಹಿತ್ತಲಿಗೆ ಹೋಗಿ ಕಿರುಚಿಕೊಂಡ.

"ಅಲ್ಲೀವರೆಗೆ ಈ ಕೋಣೆಯಿಂದ ಬೇರೆ ಯಾರೂ ಕದಲಿರ್ಲಿಲ್ಲ" ಎಂದರು ಡಾಕ್ಟರು. "ಹೊರಗಿದ್ದವನು ನಿಮ್ಮ ಮಾವ ಒಬ್ಬನೇ. ಆ ಹೊತ್ತಲ್ಲಿ ಬಾಗಿಲು ಬಿಟ್ಟು ಹಿತ್ತಲ ಕಡೆ ಹೋಗಿದ್ದೆ ಅಂತ ಅವನೇ ಒಪ್ಕೊಂಡಿದಾನೆ. ನಾನೇನು ಮಾಡ್ಲಿ?"

"ನೀರು ಹಿಡಿಯೋಕೆ ಹೋಗಿದ್ದ! ಆ ನಲ್ಲಿ ಹತ್ರ ನಿಂತ್ರೆ ಮೆಟ್ಟಿಲು ಕಾಣೋದೂ ಇಲ್ಲ!"

"ಇರಬಹುದು."

ಇರಬಹುದು! ಆ ಒಂದು ಮಾತು ಅವಳ ಮೈಗೆ ಬೆಂಕಿ ಇಟ್ಟಿತು. ಅಪ್ಪ ಬಿಟ್ಟು ಹೋದ ಮೇಲೆ ಅವಳನ್ನು ಸಾಕಿದ್ದು ಈ ಮಾವ. ತಂಗಿಯ ಮಗಳು ಪೊಲೀಸ್ ಆಗಬೇಕು ಅಂದಾಗ ನೆಂಟರೆಲ್ಲ ನಕ್ಕರೆ, ಬೆಳಗಿನ ಜಾವ ಎಬ್ಬಿಸಿ ಮೈದಾನದಲ್ಲಿ ಓಡಿಸಿದವನು ಅವನು. ಇರುವೆ ತುಳಿದರೆ ಮರುಗುವ ಮನುಷ್ಯ.

ಆದರೆ ಆ ಮನುಷ್ಯನ ಮೇಲೂ ಅವಳಿಗೆ ಕೋಪ ಕಡಿಮೆ ಇರಲಿಲ್ಲ. ಬೆಳಿಗ್ಗೆ ಕಾವಲಿನ ಕಾನ್‌ಸ್ಟೇಬಲ್ ಕಂಡೂ ಕಾಣದಂತೆ ನಟಿಸಿ ಅವಳನ್ನು ಲಾಕಪ್ಪಿನ ಹತ್ತಿರ ಬಿಟ್ಟಿದ್ದ. ಮಾವ ಗೋಡೆಗೊರಗಿ ಕೂತಿದ್ದ, ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುವವನ ಹಾಗೆ.

"ಕಂಡಿದ್ದನ್ನ ಹೇಳೋಕೆ ನಿನಗೇನು ರೋಗ ಮಾವಾ?" ಎಂದು ಸರಳು ಹಿಡಿದು ಕೇಳಿದ್ದಳು.

"ಕೂಗಾಡ್ಬೇಡ ಪುಟ್ಟಿ, ಬಿ.ಪಿ. ಬರುತ್ತೆ."

"ಬರ್ಲಿ! ಅವತ್ತು ಏನು ನೋಡಿದೆ? ಹೇಳು."

"ನಾನು ಬಾಗಿಲು ಕಾಯೋನು. ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಮೂರನೆಯವರ ಹತ್ರ ಬಾಯಿ ಬಿಡಲ್ಲ ಅಂತ ಕೆಲಸಕ್ಕೆ ಸೇರಿದ ದಿನ ಮಾತು ಕೊಟ್ಟಿದೀನಿ."

"ಕತ್ತಿಗೆ ಹಗ್ಗ ಬೀಳ್ತಾ ಇದೆ, ಇವನಿಗೆ ಮಾತಂತೆ!"

"ನಾನು ಮಾಡಿಲ್ಲ ಅಂತ ಹೇಳಿದೀನಿ. ಅದಕ್ಕಿಂತ ಹೆಚ್ಚಿಗೆ ಏನು ಹೇಳ್ಲಿ? ನೀನು ಊಟ ಮಾಡಿದ್ಯಾ?"

ಅವಳು ಅತ್ತುಬಿಡುತ್ತೇನೆಂದು ಹೆದರಿ ಹೊರಗೆ ಬಂದಿದ್ದಳು. ಅಳು ಬಂದಾಗೆಲ್ಲ ಅವಳು ಸಿಟ್ಟನ್ನೇ ಕರೆಯುತ್ತಿದ್ದಳು.

"ದೀಪ ಆರಿಸಿ" ಎಂದಳು ಈಗ ಡಾಕ್ಟರಿಗೆ.

"ಏನು?"

"ಮೊನ್ನೆ ಹೇಗೆ ಹಾಜರಿ ತಗೊಂಡ್ರೋ ಹಾಗೇ ಮಾಡಿ ತೋರಿಸಿ."

"ಹೊರಗಿನವರ ಮುಂದೆ ಅದನ್ನ..."

"ಹೊರಗಿನವರು ಬೀದೀಲಿ ಸೀಮೆಎಣ್ಣೆ ಹಿಡ್ಕೊಂಡು ನಿಂತಿದಾರೆ ಡಾಕ್ಟ್ರೇ. ಅವರನ್ನ ಕರೀಲಾ, ನಾನೇ ಸಾಕಾ?"

ಡಾಕ್ಟರು ಲಾಳದ ನಡುವಿನ ತಮ್ಮ ಕುರ್ಚಿಯಲ್ಲಿ ಕೂತರು. ಪಕ್ಕದ ಗೋಡೆಯ ಸ್ವಿಚ್ಚು ಒತ್ತಿದರು. ಹಗಲಿನಲ್ಲೂ ಕೋಣೆ ಕಗ್ಗತ್ತಲಾಯಿತು. ಹೊರಗಿನ ಗಲಾಟೆ ದೂರದ ಸಂತೆಯಂತೆ ಕೇಳಿಸುತ್ತಿತ್ತು.

"ನಾನು ಮೇಜು ತಟ್ತೀನಿ" ಎಂದಿತು ಡಾಕ್ಟರ ಧ್ವನಿ. "ಒಂದು ತಟ್ಟಿಗೆ ಒಂದು ಕುರ್ಚಿ. ಆ ಕುರ್ಚಿಯವನು ಉಸಿರಲ್ಲಿ 'ಇದ್ದೇನೆ' ಅನ್ನಬೇಕು. ಧ್ವನಿ ಎತ್ತಬಾರದು. ದೊಡ್ಡವನು, ಚಿಕ್ಕವನು ಅಂತ ಧ್ವನೀಲಿ ಗೊತ್ತಾಗಬಾರದು ಅಂತ ಹಿರಿಯರು ಮಾಡಿದ ನಿಯಮ."

"ತಟ್ಟಿ."

ಟಕ್. ಮೌನ. ಟಕ್. ಮೌನ. ಖಾಲಿ ಕುರ್ಚಿಗಳ ಸಾಲನ್ನು ಡಾಕ್ಟರ ಬೆರಳು ಒಂದೊಂದಾಗಿ ದಾಟುತ್ತಿತ್ತು. ರೂಢಿಯ ಕೈ, ಲೆಕ್ಕ ತಪ್ಪುತ್ತಿರಲಿಲ್ಲ.

ಟಕ್. "ಇದ್ದೇನೆ" ಎಂದರು ಡಾಕ್ಟರು, ಉಸಿರಿನಲ್ಲಿ. ಅದು ಅವರ ಕುರ್ಚಿ.

ಟಕ್. "ಇದ್ದೇನೆ."

ಇನ್ಸ್‌ಪೆಕ್ಟರಮ್ಮನ ಕಿವಿ ನೆಟ್ಟಗಾಯಿತು. ಅವಳು ತಡಕಾಡಿ ಸ್ವಿಚ್ಚು ಒತ್ತಿದಳು.

"ಎರಡು ಸಲ ಯಾಕಂದ್ರಿ?"

ಬೆಳಕಿಗೆ ಕಣ್ಣು ಕಿರಿದು ಮಾಡಿ ಡಾಕ್ಟರು ಅವಳನ್ನೇ ನೋಡಿದರು. "ಎರಡು ಸಲವಾ? ಓ, ಇದಾ. ಅಭ್ಯಾಸಬಲ. ಒಂದು ನಂದು. ಇನ್ನೊಂದು ಈ ಬಲಗಡೆ ಕುರ್ಚಿ, ರಿಟೈರ್ಡ್ ಜಡ್ಜ್ ಅವರದ್ದು. ಅವರಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದಾರೆ. ಅವರ ಪರವಾಗಿ ನಾನೇ ಹೇಳ್ತೀನಿ."

"ಅವರ ಪರವಾಗಿ."

"ನಮ್ಮಲ್ಲಿ ಕುರ್ಚಿ ಖಾಲಿ ಅನ್ನೋದೇ ಇಲ್ಲಮ್ಮ. ಬರೋಕಾಗದವನು ಎಡಗಡೆ ಕೂರೋನಿಗೆ ಮೊದಲೇ ತಿಳಿಸ್ತಾನೆ, ಎಡಗಡೆಯವನು ಅವನಿಗಾಗಿ ಹಾಜರಿ ಕೊಡ್ತಾನೆ. ಎಲ್ಲರೂ ಒಂದೇ ಮೈ ಅಂತ ಅದರ ಅರ್ಥ." ಇದನ್ನು ಹೇಳುವಾಗ ಅವರ ಮುಖದಲ್ಲಿ ಇಷ್ಟು ಹೆಮ್ಮೆ!

ಅವಳು ಲಾಳದ ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು.

"ಮೊನ್ನೆ ಎಲ್ಲರೂ ಹಾಜರಿದ್ರು ಅಂತ ಹೇಳಿಕೆ ಕೊಟ್ರಲ್ಲ, ಹಾಸಿಗೆ ಹಿಡಿದ ಜಡ್ಜನ್ನೂ ಸೇರಿಸಿಯಾ?"

"ಎಲ್ಲ ಕುರ್ಚಿಗಳಿಂದ ಉತ್ತರ ಬಂತು ಅಂತ ಹೇಳಿದೆ. ಅದು ಸುಳ್ಳಲ್ಲ."

"ಸುಳ್ಳಲ್ವಾ?" ಮೇಜಿನ ಮೇಲೆ ಅವಳ ಅಂಗೈ ಬಿದ್ದ ಸದ್ದಿಗೆ ಡಾಕ್ಟರು ಬೆಚ್ಚಿಬಿದ್ದರು. "ದೇಹ ಇಲ್ಲದ ಕಡೆ ಉತ್ತರ ಇದೆ, ಅದು ಸುಳ್ಳಲ್ಲ! ಬೆಳೆದ ಗಂಡಸರು, ಓದಿದೋರು, ಕತ್ತಲೆ ಕೋಣೇಲಿ ಕೂತು ಮಕ್ಕಳಾಟ ಆಡ್ತೀರಾ, ಆ ಆಟಾನ ಸಾಕ್ಷಿ ಅಂತ ಪೊಲೀಸರ ಮುಂದೆ ಇಡ್ತೀರಾ, ಅದನ್ನ ನಂಬಿ ಒಬ್ಬ ಬಡಪಾಯಿನ ಎಳ್ಕೊಂಡು ಹೋಗ್ತಾರೆ! ನಿಮಗೆ ಯಾರಿಗೂ, ಒಬ್ಬನಿಗೂ, ಇದು ತಪ್ಪು ಅಂತ ಹೊಳೀಲೇ ಇಲ್ವಾ?"

"ನೀವು ಏನು ಹೇಳ್ತಾ ಇದೀರಿ ಅಂತ ನನಗೆ..."

"ಮೇಷ್ಟ್ರು ಹಾಜರಿ ಕೊಟ್ಟಿದ್ದನ್ನ ಕಣ್ಣಾರೆ ಕಂಡೋರು ಯಾರು?"

"ಕತ್ತಲಲ್ಲಿ ಯಾರು ಕಾಣ್ತಾರೆ? ಆ ಕುರ್ಚಿ ಕಡೆಯಿಂದ ಉತ್ತರ ಬಂತು. ನಾನೇ ಕೇಳಿದೆ."

"ಬಾಗಿಲಲ್ಲಿ ಅವರು ಒಳಗೆ ಬಂದಿದ್ದನ್ನ ಕಂಡೋರು?"

ಡಾಕ್ಟರು ಬಾಗಿಲ ಕಡೆ ನೋಡಿದರು. "ಒಬ್ಬೊಬ್ಬರಾಗಿ ಬರ್ತೀವಿ. ನಿಲುವಂಗಿ ಹಾಕ್ಕೊಂಡು ಕತ್ತಲಲ್ಲೇ ಕೂರ್ತೀವಿ. ಬಾಗಿಲಲ್ಲಿ ನೋಡೋನು ನಿಮ್ಮ ಮಾವ ಒಬ್ಬನೇ."

ಯಾರು ಬಂದ್ರು, ಯಾರು ಬರ್ಲಿಲ್ಲ. ಬೆಳಿಗ್ಗೆ ಮಾವ ಆಡಿದ ಮಾತು ಅವಳಿಗೆ ಈಗ ಅರ್ಥವಾಯಿತು. ಬರದೇ ಇದ್ದವರ ಮಾತು ಅವನೇಕೆ ಎತ್ತಿದ? ಡ್ರಾಯಿಂಗ್ ಮೇಷ್ಟ್ರು ಅವತ್ತು ಆ ಬಾಗಿಲು ದಾಟಿ ಒಳಗೆ ಬಂದೇ ಇರಲಿಲ್ಲ. ಮಾವನಿಗೆ ಅದು ಗೊತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ, ದಡ್ಡ, ಶತದಡ್ಡ!

"ಡಾಕ್ಟ್ರೇ, ಹೆಣ ಮುಟ್ಟಿ ನೋಡಿದ್ದು ನೀವೇ. ಅಡುಗೆಯವನು ಕೂಗಿದ ತಕ್ಷಣ."

"ಹೌದು."

"ಮೈ ಬಿಸಿಯಿತ್ತಾ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಮುಖದ ಹೆಮ್ಮೆ ಎಲ್ಲಿ ಹೋಯಿತೋ ಗೊತ್ತಿಲ್ಲ.

"ತಣ್ಣಗಿತ್ತು. ದವಡೆ ಬಿಗಿದಿತ್ತು. ಕಲ್ಲಿನ ಮೆಟ್ಟಿಲು, ಗಾಳಿ... ಅದರಿಂದ ಇರಬಹುದು ಅಂದ್ಕೊಂಡೆ. ಯಾಕಂದ್ರೆ ಆಗ ತಾನೇ ಅವನು ಇದ್ದೇನೆ ಅಂದಿದ್ದನ್ನ..."

"ಕೈಗೆ ತಗುಲಿದ್ದನ್ನ ಬಿಟ್ಟು ಕಿವಿಗೆ ಬಿದ್ದಿದ್ದನ್ನ ರಿಪೋರ್ಟಿನಲ್ಲಿ ಬರೆದ್ರಿ."

"ಅವನು ಹಾಜರಿ ಕೊಟ್ಟಿದ್ದನಮ್ಮ!"

"ದವಡೆ ಬಿಗಿಯೋಕೆ ಗಂಟೆಗಟ್ಟಲೆ ಬೇಕು. ಅವರು ಮಧ್ಯಾಹ್ನವೇ ಸತ್ತಿದ್ರು! ಹಿತ್ತಲಿಗೆ ಯಾರೋ ಕರೆಸಿಕೊಂಡು ಕೊಂದಿದಾರೆ. ಸಂಜೆ ಸತ್ತವರ ಕುರ್ಚಿಯಿಂದ ಯಾರೋ ಇದ್ದೇನೆ ಅಂದ್ರು. ಅದನ್ನ ನಂಬಿ ನೀವು ಸಾವಿನ ಹೊತ್ತನ್ನೇ ಮುಂದಕ್ಕೆ ತಳ್ಳಿದ್ರಿ. ನೀವೆಲ್ಲ ಒಳಗೆ ಭದ್ರ, ನನ್ನ ಮಾವ ಹೊರಗೆ ಒಂಟಿ. ಎಷ್ಟು ಅಚ್ಚುಕಟ್ಟು!"

ಡಾಕ್ಟರು ಎದ್ದು ಫಿಲ್ಟರಿನ ಹತ್ತಿರ ಹೋದರು. ಹಿಡಿದ ಲೋಟ ತುಂಬಿ ನೀರು ನೆಲಕ್ಕೆ ಚೆಲ್ಲಿತು. ಅವಳಿಗೆ ಅಯ್ಯೋ ಅನಿಸಲಿಲ್ಲ. ಅನಿಸಬೇಕೆಂದು ಅವಳು ಬಯಸಲೂ ಇಲ್ಲ.

"ತಿಳಿಸದೆ ಬರದೇ ಇದ್ರೆ?" ಎಂದು ಅವರ ಬೆನ್ನಿಗೇ ಕೇಳಿದಳು. "ಎಡಗಡೆಯವನು ಆಗಲೂ ಹಾಜರಿ ಕೊಡ್ತಾನಾ?"

"ಇಲ್ಲ. ಕೊಡೋ ಹಾಗಿಲ್ಲ. ಉತ್ತರ ಬರದಿದ್ರೆ ನಾನು ದೀಪ ಹಾಕಿ ವಿಚಾರಿಸ್ಬೇಕು."

"ಅಂದ್ರೆ ಮೇಷ್ಟ್ರ ಕುರ್ಚಿಗೆ ಹಾಜರಿ ಕೊಟ್ಟೋನಿಗೆ ಅವರು ಬರಲ್ಲ ಅಂತ ಮೊದಲೇ ಗೊತ್ತಿತ್ತು. ಹೆಣ ಸಿಕ್ಕ ಮೇಲಾದ್ರೂ, ಅವರ ಪರವಾಗಿ ಹೇಳಿದ್ದು ನಾನೇ ಅಂತ ಅವನು ನಿಮ್ಮ ಹತ್ರ ಬಂದು ಹೇಳಿದ್ನಾ?"

"ಇಲ್ಲ."

"ಯಾರು ಕೂರ್ತಾರೆ ಮೇಷ್ಟ್ರ ಎಡಗಡೆ?"

ಡಾಕ್ಟರು ಲೋಟವನ್ನು ಫಿಲ್ಟರಿನ ಮೇಲೆ ಬೋರಲು ಹಾಕಿದರು.

"ಕೇಳಿಸ್ಲಿಲ್ವಾ?"

"ಆಣೆ ಇದೆಯಮ್ಮ. ಸದಸ್ಯನ ಹೆಸರನ್ನ ನಾನು ಬಾಯಿಬಿಟ್ಟು ಹೇಳೋ ಹಾಗಿಲ್ಲ."

"ಕೊಲೆಗಾರನ ಹೆಸರನ್ನೂ?"

"ಯಾರ ಹೆಸರನ್ನೂ."

ಅವಳು ಎರಡೇ ಹೆಜ್ಜೆಗೆ ಅವರ ಮುಂದೆ ನಿಂತಳು. "ನಿಮ್ಮ ಆಣೆಗೆ ನನ್ನ ಮಾವನ ಕತ್ತು ಬೇಕಾ? ಅವನೂ ನಿಮ್ಮ ಆಣೆ ಅಂತಾನೇ ಲಾಕಪ್ಪಿನಲ್ಲಿ ಕೂತಿದಾನೆ! ನಿಮ್ಮ ಬಾಗಿಲು ಕಾದು ಕಾದು ಮೊಣಕಾಲು ಹಿಡ್ಕೊಂಡಿದೆ ಅವನಿಗೆ. ಒಂದು ದಿನ, ಒಂದೇ ಒಂದು ದಿನ, ಬಾ ಒಳಗೆ ಕೂತ್ಕೋ ಅಂದಿದೀರಾ? ಕೂರೋಕೆ ಕುರ್ಚಿ ಕೊಡದೋರು ಸಾಯೋಕೆ ಜಾಗ ಕೊಡ್ತಾ ಇದೀರಾ?"

ಡಾಕ್ಟರ ಕಣ್ಣು ತುಂಬಿತು. ಅವರು ನಿಧಾನವಾಗಿ ಲಾಳದ ತುದಿಯ ಕಡೆ ನಡೆದು, ಒಂದು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ನಿಂತರು. ಅದರ ನಿಲುವಂಗಿಯ ಮೇಲೆ ಬಣ್ಣದ ಚಿಕ್ಕ ಚಿಕ್ಕ ಕಲೆಗಳಿದ್ದವು; ಡ್ರಾಯಿಂಗ್ ಮೇಷ್ಟ್ರದ್ದು. ಆಮೇಲೆ ಡಾಕ್ಟರು ಅದರ ಎಡಗಡೆಯ ಕುರ್ಚಿಯನ್ನು ನೋಡಿ ಮುಖ ತಿರುಗಿಸಿಕೊಂಡರು.

"ನಾನು ಏನೂ ಹೇಳಲಿಲ್ಲ" ಎಂದರು.

ಹೇಳದೆ ಹೇಳುವುದರಲ್ಲೂ ಎಂಥ ನಾಜೂಕು ಈ ಜನಕ್ಕೆ! ಅವಳು ಹಲ್ಲು ಕಚ್ಚಿಕೊಂಡು ಆ ಕುರ್ಚಿಯ ನಿಲುವಂಗಿ ಎಳೆದಳು. ಎತ್ತರದ ಆಳಿಗೆ ಹೊಲಿದ ಅಂಗಿ. ಎದೆಯ ಒಂದು ಗುಂಡಿ ಕಿತ್ತುಹೋಗಿ ಮತ್ತೆ ಹಾಕಿತ್ತು. ಕಪ್ಪು ಬಟ್ಟೆಯ ಮೇಲೆ ಖಾಕಿ ದಾರ.

ಅವಳು ಅಂಗಿಯನ್ನು ಮೇಜಿನ ಮೇಲೆ ಹರವಿದಳು. ಎರಡು ತೋಳುಗಳನ್ನೂ ಪಕ್ಕಪಕ್ಕ ಎಳೆದಳು. ಬಲತೋಳು ಉದ್ದ. ಎಡತೋಳನ್ನು ನಾಲ್ಕು ಬೆರಳಿನಷ್ಟು ಮಡಚಿ ಹೊಲಿದಿತ್ತು.

ಅವಳು ಆ ಮಡಿಕೆಗೆ ಬೆರಳಿಟ್ಟು ಇನ್ನೊಮ್ಮೆ ಅಳೆದಳು.

ಎಡಗೈ ಹೀಗೆ ಮೋಟಾದ ಮನುಷ್ಯ ಅವಳ ಇಲಾಖೆಯಲ್ಲಿ ಒಬ್ಬರೇ. ಎಳವೆಯಲ್ಲಿ ಮರದಿಂದ ಬಿದ್ದು ಮುರಿದ ಮೂಳೆ ಸರಿಯಾಗಿ ಕೂಡಿರಲಿಲ್ಲವಂತೆ. ಪರೇಡಿನ ದಿನ ಅವರು ನೆಟ್ಟಗೆ ನಿಂತಾಗ ಖಾಕಿ ಅಂಗಿಯ ತೋಳು ಹೀಗೇ ಮಡಚಿರುತ್ತಿತ್ತು. ಅವಳು ಎಷ್ಟು ಸಲ ಸಲ್ಯೂಟ್ ಹೊಡೆದಿದ್ದಳೋ ಆ ತೋಳಿಗೆ.

"ದೊಡ್ಡ ಸಾಹೇಬ್ರು" ಎಂದಳು.

ಡಾಕ್ಟರು ಇಲ್ಲ ಎನ್ನಲಿಲ್ಲ.

ಮೊನ್ನೆ ಠಾಣೆಗೆ ಫೋನು ಬಂದಾಗ ಅವಳೇ ಎತ್ತಿದ್ದಳು. ಓಡೋಡಿ ಬಂದರೆ ಸಾಹೇಬರು ಆಗಲೇ ಇಲ್ಲಿನ ಹಿತ್ತಲಿನಲ್ಲಿದ್ದರು, ಮಾಮೂಲಿ ಷರಟು ಪ್ಯಾಂಟಿನಲ್ಲಿ. ವಾಕಿಂಗ್ ಬಂದಿದ್ದೆ, ಗಲಾಟೆ ಕೇಳಿಸಿತು ಎಂದಿದ್ದರು. ಎಷ್ಟು ಚುರುಕು ನಮ್ಮ ಸಾಹೇಬರು ಎಂದು ಅವಳು ಮೆಚ್ಚಿಕೊಂಡಿದ್ದಳು. ಮೆಚ್ಚಿಕೊಂಡಿದ್ದಳು! ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಮೇಷ್ಟ್ರು ಮಾರ್ಕೆಟ್ಟಿನಲ್ಲಿ ಏನು ಹೇಳೋಕೆ ಹೊರಟಿದ್ರು?"

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಅವರ ಧ್ವನಿ ಹಾಜರಿಯ ಉಸಿರಿನಷ್ಟೇ ಸಣ್ಣಗಿತ್ತು. "ಲಾಕಪ್ಪಿನಲ್ಲಿ ಒಬ್ಬ ಲಾರಿ ಕ್ಲೀನರ್ ಸತ್ನಲ್ಲ, ಎದೆನೋವಿನಿಂದ ಅಂತ..."

"ನೀವೇ ಬರೆದುಕೊಟ್ಟಿದ್ದು."

"ಎದೆನೋವಲ್ಲ, ಏಟು. ನಮ್ಮವನೊಬ್ಬನ ತಪ್ಪು, ಒಂದೇ ಮೈ, ಮುಚ್ಚಿಹಾಕೋಣ ಅಂತ ಇಲ್ಲಿ ಕೂತು ತೀರ್ಮಾನ ಮಾಡಿದ್ವಿ. ಮೇಷ್ಟ್ರು ಒಬ್ಬರೇ ಒಪ್ಪಲಿಲ್ಲ."

ಊರಿನವರು ತಲೆಬುರುಡೆಯ ಕಥೆ ಕಟ್ಟಿದ್ದರು. ನಿಜ ಅದಕ್ಕಿಂತ ಹೇಸಿಗೆಯದ್ದಾಗಿತ್ತು. ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತ, ಮರ್ಯಾದಸ್ಥರ ಹಾಗೆ ಕೂತು, ಒಬ್ಬರ ಮಗನ ಸಾವನ್ನು ಮಡಚಿ ಒಳಗಿಟ್ಟಿದ್ದರು. ಇಂಥವರಿಗಾಗಿ ಅವಳು ಬಾಗಿಲ ಹೊರಗೆ ಒಬ್ಬ ನೊಂದ ಮನುಷ್ಯನ ಬಾಯಿ ಮುಚ್ಚಿಸಿ ಬಂದಿದ್ದಳು.

ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ಇನ್ನೊಂದು ವಿಚಾರ ಅವಳ ತಲೆಗೆ ಬಂತು. ಮೇಷ್ಟ್ರು ಒಳಗೆ ಬರಲಿಲ್ಲವೆಂದು ಬಲ್ಲ ಒಬ್ಬನೇ ಸಾಕ್ಷಿ ಮಾವ. ಆ ಸಾಕ್ಷಿ ಈಗ ಯಾರ ಕೈಯಲ್ಲಿದ್ದಾನೆ?

ಅವಳು ಮೊಬೈಲು ತೆಗೆದು ಠಾಣೆಗೆ ಫೋನು ಮಾಡಿದಳು. ದಾಖಲೆ ಬರೆಯುವ ರೈಟರು ಎತ್ತಿದ.

"ನಮ್ಮ ಮಾವ ಎಲ್ಲಿ?"

"ಮೇಡಂ, ನಾನೇ ನಿಮಗೆ ಮಾಡ್ಬೇಕು ಅಂತಿದ್ದೆ. ಸಾಹೇಬ್ರು ಈಗ ಕರ್ಕೊಂಡು ಹೋದ್ರು."

"ಕೋರ್ಟಿಗಾ? ಇಷ್ಟು ಬೇಗ?"

"ಅಲ್ಲ ಮೇಡಂ. ಜಾಗ ತೋರಿಸ್ಲಿ ಅಂತ, ಆ ಸಂಘದ ಕಟ್ಟಡಕ್ಕೇ. ಅಲ್ಲಿ ಜನ ಸೇರಿದಾರೆ, ಜೊತೆಗೆ ನಾಲ್ಕು ಜನ ಬರ್ತೀವಿ ಸಾರ್ ಅಂದೆ. ಬೇಡ ಅಂದ್ರು. ಡ್ರೈವರೂ ಬೇಡ ಅಂದ್ರು. ತಾವೇ ಓಡಿಸ್ಕೊಂಡು..."

ಅವಳು ಕಿಟಕಿಗೆ ನುಗ್ಗಿ ಪರದೆ ಕಿತ್ತಳು. ಮರದ ರೆಕ್ಕೆ ತೆರೆದಳು.

ಜೀಪು ಬಂದಾಗಿತ್ತು. ಗುಂಪಿನ ಅಂಚಿನಲ್ಲಿ, ಸೈಕಲ್ ಅಂಗಡಿಯ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಾವ ಕೂತಿದ್ದ. ಎರಡೂ ಕೈಗೆ ಸೇರಿಸಿ ಬೇಡಿ. ಬೇಡಿಯ ಸರಪಳಿ ಸೀಟಿನ ಸರಳಿಗೆ.

"ಡಾಕ್ಟ್ರೇ, ಏಳಿ! ಹೊರಗೆ ಬನ್ನಿ. ನನಗೆ ಹೇಳಿದ್ದನ್ನ ಆ ಜನಕ್ಕೆ ಹೇಳಿ. ನಾನು ಹೇಳಿದ್ರೆ ನಂಬಲ್ಲ, ನನ್ನ ಮಾವ ಅವನು!"

ಡಾಕ್ಟರು ಏಳಲಿಲ್ಲ. "ನನ್ನಿಂದ ಆಗಲ್ಲಮ್ಮ. ಆಣೆ..."

"ಥೂ!" ಎಂದಳು ಅವಳು.

ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಟೋಪಿ ಸರಿಮಾಡಿಕೊಂಡರು. ಗುಂಪು ದಾರಿ ಬಿಟ್ಟಿತು. ಅವರು ನೇರವಾಗಿ ಮೇಷ್ಟ್ರ ತಮ್ಮನ ಹತ್ತಿರ ಹೋಗಿ, ದುಃಖ ಹಂಚಿಕೊಳ್ಳುವವರಂತೆ ಅವನ ಹೆಗಲ ಮೇಲೆ ಕೈ ಇಟ್ಟರು. ಕಿಟಕಿಗೆ ಹತ್ತು ಮಾರು ದೂರ. ಪ್ರತಿ ಮಾತೂ ಅವಳಿಗೆ ಕೇಳಿಸಿತು.

"ನಿಮ್ಮ ಅಣ್ಣನ್ನ ಕೊಂದೋನು ಗಾಡೀಲಿ ಕೂತಿದಾನೆ. ಒಪ್ಕೊಂಡಿದಾನೆ. ನನಗೆ ಬೆಳಿಗ್ಗೆಯಿಂದ ತಲೆನೋವು. ಎದುರಿನ ಹೋಟ್ಲಿಗೆ ಹೋಗಿ ಒಂದು ಕಾಫಿ ಕುಡಿದು ಬರ್ತೀನಿ."

ಸಾಹೇಬರು ಬೀದಿ ದಾಟಿದರು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಅವಳು ಕೋಣೆಯನ್ನು ದಾಟಿ ಓಡಿದಳು. ಅಗುಳಿ ಕಿತ್ತು ಬಾಗಿಲನ್ನು ಪೂರ್ತಿ ತೆರೆದು, "ಅವನಲ್ಲ! ನಿಲ್ಲಿ! ಅವನಲ್ಲ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಯಾರೂ ಇತ್ತ ತಿರುಗಲಿಲ್ಲ. ಬೆಳಗಿನಿಂದ ಈ ಬಾಗಿಲನ್ನೇ ನುಂಗುವಂತೆ ನೋಡುತ್ತಿದ್ದ ಜನ ಈಗ ಇದಕ್ಕೆ ಬೆನ್ನು ಹಾಕಿ ಜೀಪಿನ ಕಡೆ ಹೊರಟಿದ್ದರು. ಎಲ್ಲರಿಗಿಂತ ಮುಂದೆ ಸಲಾಕೆ ಹಿಡಿದವನಿದ್ದ, ಅವನ ಹಿಂದೆಯೇ ಸೈಕಲ್ ಅಂಗಡಿಯವನು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ.